ಕ್ಲಾರಾಳಿಗೆ ಕಾಲಂ ಇಲ್ಲ

2019ರ ಮೇ 23. ಮಂಡ್ಯ ಲೋಕಸಭಾ ಕ್ಷೇತ್ರದ ಮತ ಎಣಿಕೆಯೆಂದರೆ ಕನ್ನಡದ ಸುದ್ದಿವಾಹಿನಿಗಳಲ್ಲಿ ಮದುವೆ ಮನೆಯ ಗದ್ದಲ. ಸ್ಟುಡಿಯೊ ಮೇಜಿನ ಒಂದು ತುದಿಗೆ ಜಾತಿ ಲೆಕ್ಕ ಬಲ್ಲವರು, ಇನ್ನೊಂದು ತುದಿಗೆ ಸಿನಿಮಾ ಬಲ್ಲವರು, ನಡುವೆ ನೀರು ಗುಟುಕರಿಸಲೂ ಪುರುಸೊತ್ತಿಲ್ಲದ ನಿರೂಪಕ.

ಲೆಕ್ಕದವರಿಗೆ ಎಲ್ಲವೂ ಕರತಲಾಮಲಕ. ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳನ್ನು ಹಿಂದಿನ ವರ್ಷ ಗೆದ್ದವರು ಜೆಡಿಎಸ್‌ನವರೇ. ಕಾಂಗ್ರೆಸ್ ಮೈತ್ರಿ ಬೇರೆ. ಅಭ್ಯರ್ಥಿ ನಿಖಿಲ್, ಮುಖ್ಯಮಂತ್ರಿಯ ಮಗ. ಎದುರಿಗೆ ಬಿಜೆಪಿ ಬೆಂಬಲವಿದ್ದ ಪಕ್ಷೇತರ, ನಟಿ ಸುಮಲತಾ. ಗುರುತು ಕಹಳೆ ಊದುವ ರೈತ. ಮತಯಂತ್ರದಲ್ಲಿ ಅದೇ ಹೆಸರಿನವರು ಇನ್ನೂ ಮೂವರು. ದ್ವಿಪಾತ್ರ ಕಂಡಿದ್ದ ಗಾಂಧಿನಗರಕ್ಕೆ ಇದು ಚತುಷ್ಪಾತ್ರ!

ಸುಮಲತಾ ಗೆಲುವಿನ ಅಂತರ 1,25,876.

ಅಲ್ಲಿಂದಾಚೆಗೆ ಮೇಜಿನ ತುದಿಗಳು ಅದಲುಬದಲಾದವು. ರಾಜಕೀಯ ಪಂಡಿತರು ಇಂಟರ್ವಲ್, ಕ್ಲೈಮ್ಯಾಕ್ಸ್ ಎನ್ನತೊಡಗಿದರು. ಸಿನಿಮಾದವರು ಒಕ್ಕಲಿಗ ಮತಗಳ ಒಳಸುಳಿ ಬಿಡಿಸತೊಡಗಿದರು. ಸುಮಲತಾ ಪರ ಪ್ರಚಾರಕ್ಕಿಳಿದಿದ್ದ ನಟರಾದ ದರ್ಶನ್-ಯಶ್ ಜೋಡೆತ್ತುಗಳು ಎಷ್ಟು ಮತ ಉತ್ತರೆಂಬುದಕ್ಕೆ ಅಂಕಿ ಅಂಶ ಇರಲಿಲ್ಲ, ಅಭಿಪ್ರಾಯಕ್ಕೆ ಬರವಿರಲಿಲ್ಲ. 'ನಿಖಿಲ್ ಎಲ್ಲಿದ್ದೀಯಪ್ಪಾ' ಎಂಬುದೂ ಬಂದೇ ಬಂತು. 'ಜಾಗ್ವಾರ್' ಚಿತ್ರದ ಸಮಾರಂಭದಲ್ಲಿ ತಂದೆ ವೇದಿಕೆಯಿಂದ ಮಗನನ್ನು ಕೂಗಿದ್ದ ಮಾತದು. ತೆಪ್ಪಗೆ ಮಲಗಿದ್ದದ್ದು ಚುನಾವಣೆಯ ಹೊತ್ತಿಗೆ ಎದ್ದು ಕೂತು ಊರೂರು ಸುತ್ತಿತ್ತು.

ನಟಿಯ ವೃತ್ತಿಬದುಕಿಗೆ ಸಿಕ್ಕಿದ್ದು ಜಾಹೀರಾತಿಗೆ ಮುಂಚಿನ ಚೂರು ಹೊತ್ತು: ರಾಜ್‌ಕುಮಾರ್ ಜೊತೆ 'ರವಿಚಂದ್ರ', ಮಂಡ್ಯದವರೇ ಆದ ಅಂಬರೀಶ್ ಜೊತೆ 'ಆಹುತಿ', 1991ರಲ್ಲಿ ಅವರೊಂದಿಗೇ ಮದುವೆ. ಅಲ್ಲಿಗೆ 'ಮಂಡ್ಯದ ಸೊಸೆ' ಎಂದು ಕಡತ ಮುಚ್ಚಲಾಯಿತು. ಚಿರಂಜೀವಿಯ 'ಖೈದಿ'ಗೂ ಜಾಗವಿಲ್ಲ.

ಇದೇ ಹೆಸರನ್ನು ಕೇರಳದಲ್ಲಿ ಹೇಳಿ ನೋಡಬೇಕು. ಅಲ್ಲಿ ಸೊಸೆಯ ಮಾತೇ ಏಳುವುದಿಲ್ಲ, ಕ್ಲಾರಾ ಎನ್ನುತ್ತಾರೆ. ಸುಮಲತಾ ಕ್ಲಾರಾ ಆಗಿದ್ದ, ಪದ್ಮರಾಜನ್ ಅವರ 'ತೂವಾನತುಂಬಿಕಳ್' ತೆರೆಗೆ ಬಂದದ್ದು 1987ರಲ್ಲಿ. ಮೋಹನ್‌ಲಾಲ್ ಅವಳಿಗೆ ಪತ್ರ ಬರೆಯಲು ಕೂತರೆ ಹೊರಗೆ ಮಳೆ. ಅವಳು ಬಂದರೂ ಮಳೆ. ಅವಳು ಮಾತು ಕಡಿಮೆ ಆಡುತ್ತಾಳೆ, ಅನುಕಂಪ ಬೇಡುವುದಿಲ್ಲ, ಅವನ ಮದುವೆಯ ಮಾತಿಗೂ ಸೋಲುವುದಿಲ್ಲ. ಇಂದಿಗೂ ಮಲಯಾಳಿಗಳು ಮಳೆ ಹಿಡಿದರೆ ಕ್ಲಾರಾಳನ್ನು ನೆನೆಯುತ್ತಾರೆ. ಮಂಡ್ಯದ ಪ್ರಚಾರದಲ್ಲಿ ಎದುರಾಳಿಗಳ ಕೊಂಕಿಗೆ ತಣ್ಣಗೆ ಉತ್ತರ ಕೊಟ್ಟ ಹೆಂಗಸಿನ ಪೂರ್ವಕಥೆ ಹುಡುಕುವವರು ಜಾತಿಪಟ್ಟಿ ಬಿಟ್ಟು ಈ ಚಿತ್ರ ನೋಡಬಹುದಿತ್ತು. ಆದರೆ ವಿಶ್ಲೇಷಕರ ಕೋಷ್ಟಕದಲ್ಲಿ ಪತಿಯ ಅಗಲಿಕೆಯ ಅನುಕಂಪಕ್ಕೆ ಒಂದು ಕಾಲಂ, ಜಾತಿಗೆ ಮೂರು, ಅಭಿನಯಕ್ಕೆ ಸೊನ್ನೆ.

ಅಷ್ಟರಲ್ಲಿ ಕ್ಯಾಮೆರಾ ತುಮಕೂರಿಗೆ ತಿರುಗಿತು. ಅಲ್ಲಿ ಮಾಜಿ ಪ್ರಧಾನಿ ದೇವೇಗೌಡರು 13,339 ಮತಗಳಿಂದ ಸೋತಿದ್ದರು. ಆ ಕಣದಲ್ಲಿ ಚಿತ್ರನಟಿಯರಿಲ್ಲದ್ದರಿಂದ ಸಿನಿಮಾ ತುದಿಯವರಿಗೆ ಕೊನೆಗೂ ಕಾಫಿಗೆ ಬಿಡುವು ಸಿಕ್ಕಿತು.