ಎರಡು ಹಲ್ಲಿನ ಆಸ್ತಿ

ಎಲ್ಕ್ ಎಂದರೆ ನಮ್ಮ ಕಡವೆಯ ಅಮೆರಿಕದ ದಾಯಾದಿ. ಪಾಲಾಗುವಾಗ ಮೈಯನ್ನೂ ಕೊಂಬನ್ನೂ ಹೆಚ್ಚಿಗೆ ಹೊಡೆದುಕೊಂಡ ದಾಯಾದಿ. ಬಲಿತ ಗಂಡು 300 ಕಿಲೋ ದಾಟುತ್ತದೆ. ಹೊಡೆದ ಬೇಟೆಗಾರನಿಗೆ ಮಾಂಸದ ಚಿಂತೆಯಿಲ್ಲ, ಫ್ರೀಜರಿದೆ. ಕೊಂಬಿನ ಚಿಂತೆಯಿಲ್ಲ, ಗೋಡೆಯಿದೆ. ಅವನನ್ನು ವರ್ಷಗಟ್ಟಲೆ ಕಾಡುವುದು ಹೆಬ್ಬೆರಳ ಉಗುರಿನಷ್ಟಿರುವ ಎರಡು ಹಲ್ಲು.

ಎಲ್ಕಿನ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳೇ ಇಲ್ಲ. ಇರುವುದು ಅತ್ತ ಒಂದು, ಇತ್ತ ಒಂದು ಗುಂಡನೆಯ ಕೋರೆಹಲ್ಲು. ಹುಲ್ಲು ಕಡಿಯಲು ಬೇಡ, ಅಗಿಯಲು ಬೇಡ, ಜಗಳಕ್ಕಂತೂ ಕೊಂಬೇ ಇದೆ. ಇದರ ಪೂರ್ವಜರಿಗೆ ಬಾಯಿಂದ ಹೊರಚಾಚುವ ಕೋರೆಗಳಿದ್ದವು. ಕಸ್ತೂರಿ ಮೃಗಕ್ಕೆ, ನಮ್ಮ ಮಲೆನಾಡಿನ ಗಂಡು ಕಾಡುಕುರಿಗೆ ಇಂದಿಗೂ ಇವೆ. ಎಲ್ಕ್ ಕೊಂಬು ಬೆಳೆಸಿಕೊಂಡ ಮೇಲೆ ಕೋರೆಗೆ ಕೆಲಸ ತಪ್ಪಿತು. ಆದರೂ ಬಿಸಾಡಲಿಲ್ಲ. ಅಟ್ಟದ ಮೇಲಿನ ತಾಮ್ರದ ಹಂಡೆಯ ಹಾಗೆ ‘ಇರಲಿ ಬಿಡು’ ಎಂದು ಲಕ್ಷಾಂತರ ವರ್ಷಗಳಿಂದ ಇಟ್ಟುಕೊಂಡಿದೆ. ಇಷ್ಟು ಕಾಲ ಅದಕ್ಕೇ ಹೊಳೆಯದ ಉಪಯೋಗವನ್ನು ಒಂದು ಬೇಟೆಯ ಋತುವಿನೊಳಗೆ ಕಂಡುಹಿಡಿಯುತ್ತೇನೆಂದು ಮನುಷ್ಯ ಹೊರಡುತ್ತಾನಲ್ಲ, ಅವನ ಧೈರ್ಯ ಮೆಚ್ಚಬೇಕು.

ಅಂಥ ಧೈರ್ಯವಂತರೊಬ್ಬರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕುಗಳಿರುವ ರಾಜ್ಯ ನಮ್ಮ ಕೊಲರಾಡೊ. ಶರತ್ಕಾಲ ಬಂತೆಂದರೆ ಡೆನ್ವರಿನ ಈ ಗೃಹಸ್ಥರು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಸರ್ಕಾರದ ಲೈಸೆನ್ಸ್ ಜೇಬಿಗಿಟ್ಟು ಬೆಟ್ಟ ಹತ್ತುತ್ತಾರೆ. ಎಷ್ಟೋ ಸಲ ಬರಿಗೈಲಿ ಇಳಿಯುತ್ತಾರೆ. ಸಿಕ್ಕಿದ ವರ್ಷದ ಹಲ್ಲುಗಳನ್ನು ಬೆಚ್ಚನೆಯ ನೀರಲ್ಲಿ ನೆನೆಹಾಕಿ, ಅಂಟಿದ್ದನ್ನೆಲ್ಲ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜುತ್ತಾರೆ. ತಮ್ಮ ಹಲ್ಲಿಗೆ ಎರಡು ನಿಮಿಷ, ಎಲ್ಕಿನದಕ್ಕೆ ಒಂದು ಸಂಜೆ. ಬಿಳಿ ಮಾಡಲು ಬ್ಲೀಚು ಹಾಕುವವರನ್ನು ಕಂಡರೆ ಅವರಿಗಾಗದು. ನಡುವೆ ಕಾಫಿ ಡಿಕಾಕ್ಷನ್ನಿನ ಬಣ್ಣದ ಕಲೆಯಿದ್ದರೇ ಬೆಲೆಯಂತೆ. ವಯಸ್ಸಾದಷ್ಟೂ ಕಲೆ ಕಡುವಾಗುತ್ತದೆ. ಹಲ್ಲಿನ ಕಲೆಗೆ ಬೆಲೆ ಬರುವ ಲೋಕವೂ ಉಂಟೆಂದು ತಿಳಿದು, ನಾಲ್ಕು ಲೋಟ ಕಾಫಿಯ ನನಗೆ ತುಸು ಸಮಾಧಾನವಾಯಿತು.

ಆಮೇಲಿನದು ಕಲ್ಪನೆಯ ಕೆಲಸ. ಮೊದಲ ಜೋಡಿ ಹೆಂಡತಿಯ ಓಲೆಯಾಯಿತು. ಇನ್ನೊಂದು ಜೋಡಿಯಲ್ಲಿ ಒಂದು ತಮ್ಮ ಉಂಗುರಕ್ಕೆ, ಒಂದು ಬೆಲ್ಟಿನ ಬಕಲ್ಲಿಗೆ. ಚಾಕುವಿನ ಹಿಡಿಗೆ ಕೂರಿಸಿದ್ದೂ ಆಯಿತು, ಕ್ರಿಸ್ಮಸ್ ಗಿಡಕ್ಕೆ ತೂಗುಹಾಕಿದ್ದೂ ಆಯಿತು. ಉಳಿದವು ಅಡುಗೆಮನೆಯ ಡ್ರಾಯರಿನಲ್ಲಿ, ಖಾಲಿ ಮಾತ್ರೆ ಡಬ್ಬಿಯೊಳಗೆ, ಹೊಸ ಆಲೋಚನೆಗಾಗಿ ಕಾಯುತ್ತಿವೆ. ಎಲ್ಕಿನ ಪದ್ಧತಿಯನ್ನೇ ಅವರು ಮುಂದುವರಿಸಿದ್ದಾರೆಂದು ನನ್ನ ಅಭಿಪ್ರಾಯ.

ಈ ಹಲ್ಲಿಗೆ ಸಲ್ಲಬೇಕಾದ ಗೌರವ ಸಂದದ್ದು ಮಾಂಟಾನಾದ ಕ್ರೋ ಮೂಲನಿವಾಸಿಗಳಲ್ಲಿ. ಅವರ ಹೆಂಗಸರ ಉಡುಗೆ ಕಂಡರೆ ನಮ್ಮ ಮೈಸೂರು ರೇಷ್ಮೆಯೂ ಒಂದು ಕ್ಷಣ ತಬ್ಬಿಬ್ಬಾಗಬೇಕು: ಕೆಂಪೋ ಕಡುನೀಲಿಯೋ ಉಣ್ಣೆಬಟ್ಟೆ, ಅದರ ಮೈತುಂಬ ಸಾಲುಸಾಲಾಗಿ ಹೊಲಿದ ಹಲ್ಲು, ಬೇರಿನ ಕಡೆ ತೂತು ಕೊರೆದು ಒಂದೊಂದೂ ಅಲುಗಾಡುವಂತೆ ಕಟ್ಟಿದ್ದು. ಒಂದು ಪ್ರಾಣಿಗೆ ಎರಡೇ ಆದ್ದರಿಂದ ಮುನ್ನೂರು ಹಲ್ಲಿನ ಅಂಗಿಯೆಂದರೆ ನೂರೈವತ್ತು ಎಲ್ಕು. ಗಂಡ ಎಂಥ ಬೇಟೆಗಾರ, ಮನೆತನದ ಕೊಡುಕೊಳ್ಳುವಿಕೆ ಎಷ್ಟು ಎನ್ನುವುದನ್ನು ಬೀದಿಯಲ್ಲಿ ನಿಂತವರೇ ಎಣಿಸಿಕೊಳ್ಳಬಹುದು. ಬ್ಯಾಂಕ್ ಪಾಸ್‌ಬುಕ್ ಮೈಮೇಲೆ ತೊಟ್ಟಂತಾಯಿತು. ಮದುವೆಯಲ್ಲಿ ಗಂಡಿನ ಕಡೆಯವರು ಸೊಸೆಗೆ ಇದನ್ನು ತೊಡಿಸುವ ರೂಢಿಯಿತ್ತು. ಅಷ್ಟು ಹಲ್ಲು ಎಲ್ಲರಿಗೂ ಎಲ್ಲಿ ಸಿಗಬೇಕು? ಮೂಳೆಯಿಂದ ಕೆತ್ತಿದ ನಕಲಿ ಹಲ್ಲುಗಳು ಬಹಳ ಹಿಂದೆಯೇ ಬಂದವು, ಈಗ ಪ್ಲಾಸ್ಟಿಕ್ಕಿನವೂ ಇವೆ. ಆಗಸ್ಟಿನಲ್ಲಿ ನಡೆಯುವ ಕ್ರೋ ಜಾತ್ರೆಯ ಮೆರವಣಿಗೆಯಲ್ಲಿ ಪುಟ್ಟ ಹುಡುಗಿಯರೂ ಈ ಅಂಗಿ ತೊಟ್ಟು ಕುದುರೆಯ ಮೇಲೆ ಠೀವಿಯಿಂದ ಕೂತಿರುತ್ತಾರೆ. ಅಸಲಿಯೋ ನಕಲಿಯೋ ಎಂದು ಕೇಳುವ ಹುಂಬತನ ಯಾರಿಗೂ ಬರುವುದಿಲ್ಲ.

ಅದೇ ಹಲ್ಲು ನಗರದ ಗಂಡಸರ ಕೈಗೆ ಸಿಕ್ಕಾಗ ಕಥೆ ಕೆಟ್ಟಿತು. 1868ರಲ್ಲಿ ನ್ಯೂಯಾರ್ಕಿನ ನಾಟಕದ ಮಂದಿ ಸೇರಿ ‘ಎಲ್ಕ್ಸ್’ ಎಂಬ ಸಂಘ ಕಟ್ಟಿದರು. ಮೂಲದಲ್ಲಿ ಅದು ಭಾನುವಾರ ಹೆಂಡದಂಗಡಿ ಮುಚ್ಚುತ್ತಿದ್ದುದಕ್ಕೆ ಕಂಡುಕೊಂಡ ಉಪಾಯ. ದಾನಧರ್ಮ ಆಮೇಲೆ ಸೇರಿತು. ಸದಸ್ಯರು ಗಡಿಯಾರದ ಸರಪಳಿಗೆ ಎಲ್ಕಿನ ಹಲ್ಲು ತೂಗುಬಿಡುವುದು ಫ್ಯಾಶನ್ ಆಯಿತು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಯೆಲ್ಲೊಸ್ಟೋನ್ ಸುತ್ತ ಕಳ್ಳಬೇಟೆಗಾರರು ಎರಡು ಹಲ್ಲು ಕಿತ್ತು, ಉಳಿದ 300 ಕಿಲೋವನ್ನು ಹಿಮದಲ್ಲೇ ಕೊಳೆಯಲು ಬಿಟ್ಟು ಹೋಗತೊಡಗಿದರು. ಸಂಘಕ್ಕೂ ಮುಜುಗರವಾಗಿ ಹಲ್ಲಿನ ಗೀಳಿನಿಂದ ದೂರ ಸರಿಯಿತು. ಕೊಟ್ಟಿಗೆಯಷ್ಟು ದೊಡ್ಡ ಪ್ರಾಣಿಯನ್ನು ಕೋಟಿನ ಅಲಂಕಾರಕ್ಕೆ ಕೊಂದದ್ದು ಬೇಟೆಯಲ್ಲ, ದರ್ಜಿ ಕೆಲಸ.

ಊರಿಂದ ಬಂದಿದ್ದ ಅಮ್ಮ ಪಕ್ಕದ ಮನೆಯಾಕೆಯ ಓಲೆಯನ್ನು ಕಣ್ಣರಳಿಸಿ ನೋಡಿದರು. “ಮುತ್ತು ಎಷ್ಟು ದಪ್ಪ ಇದೆ, ಎಲ್ಲಿ ತಗೊಂಡ್ರಂತೆ ಕೇಳೋ.”

“ತಗೊಂಡಿದ್ದಲ್ಲಮ್ಮ, ಅವರ ಯಜಮಾನರು ಹೊಡೆದದ್ದು. ಹಲ್ಲು.”

ಅಮ್ಮನ ಕೈ ತಮ್ಮ ಕಿವಿಗೆ ಹೋಯಿತು. “ಶಿವಶಿವಾ, ಕಿವಿಗೆ ಹಲ್ಲೇ!”

“ನೀವೆಲ್ಲ ಮಕ್ಕಳ ಕೊರಳಿಗೆ ಹುಲಿಯುಗುರು ಕಟ್ತಿರಲಿಲ್ವಾ?”

“ಅದು ದೃಷ್ಟಿಗೆ ಕಣೋ. ಇದು ಶೋಕಿಗೆ.”

ಆ ದೃಷ್ಟಿಯ ಉಗುರಿಗೇ ಕಾನೂನಿನ ದೃಷ್ಟಿ ತಗುಲಿದ್ದನ್ನು ಅಮ್ಮ ಹೇಳಲಿಲ್ಲ. 2023ರ ಅಕ್ಟೋಬರಿನಲ್ಲಿ ಟಿವಿ ರಿಯಾಲಿಟಿ ಷೋ ಸ್ಪರ್ಧಿಯೊಬ್ಬರನ್ನು ಹುಲಿಯುಗುರಿನ ಪದಕಕ್ಕಾಗಿ ಅರಣ್ಯ ಇಲಾಖೆ ಬಂಧಿಸಿದಾಗ, 1972ರ ವನ್ಯಜೀವಿ ಕಾಯ್ದೆ ಎಂಬುದೊಂದಿದೆಯೆಂದು ಕರ್ನಾಟಕಕ್ಕೆಲ್ಲ ಒಂದೇ ದಿನ ನೆನಪಾಯಿತು. ನಮ್ಮ ಬಳಗದ ಅಜ್ಜ ಮುತ್ತಜ್ಜಂದಿರು ಹೊಡೆದಿದ್ದ ಹುಲಿಗಳೆಲ್ಲ ಆ ವಾರದಲ್ಲೇ ಪ್ಲಾಸ್ಟಿಕ್ಕಿನವಾದವು. ಲೈಸೆನ್ಸಿನ ಎಲ್ಕಿಗೆ ಇಲ್ಲಿ ಆ ಭಯವಿಲ್ಲ. ಅದು ಆನೆಯ ದಂತವೂ ಅಲ್ಲ, ಅಳಿವಿನಂಚಿನ ಪ್ರಾಣಿಯೂ ಅಲ್ಲ.

ಮೊನ್ನೆ ಆ ಗೃಹಸ್ಥರು ಡಬ್ಬಿ ಅಲ್ಲಾಡಿಸುತ್ತ ಬಂದು, ಭಾರತದವರಿಗೆ ಏನಾದರೂ ಹೊಳೆಯುತ್ತದೆಯೇ ಎಂದರು. ನನಗೆ ಹೊಳೆದದ್ದು ಚೌಕಾಬಾರ. ರಟ್ಟಿನ ಮೇಲೆ ಐದೈದು ಮನೆ ಗೀಚಿ, ಅಮ್ಮ ಊರಿಂದ ತಂದಿದ್ದ ಕವಡೆ ಎಸೆದು, ಆಟ ಅರ್ಥ ಮಾಡಿಸಿದೆ. ಒಬ್ಬರಿಗೆ ನಾಲ್ಕು ಕಾಯಿ. ಡಬ್ಬಿಯಲ್ಲಿದ್ದದ್ದೂ ನಾಲ್ಕೇ ಹಲ್ಲು. ಅವನ್ನು ಅವರೇ ಇಟ್ಟುಕೊಂಡರು, ಅಮ್ಮನಿಗೆ ಹುಣಸೆ ಬೀಜ. ಗಟ್ಟಿ ಮನೆಯ ಹೊರಗೆ ನಿಂತ ಕಾಯಿಯನ್ನು ಎದುರಾಳಿ ಹೊಡೆಯಬಹುದೆಂಬುದು ಅವರಿಗೆ ಇನ್ನೂ ತಲೆಗೆ ಹತ್ತಿರಲಿಲ್ಲ. ಅಮ್ಮ ಒಂದರ ಹಿಂದೊಂದು ಎರಡು ಕಾಯಿ ಹೊಡೆದು, ಹಲ್ಲುಗಳನ್ನು ಅವರತ್ತ ನೂಕಿ, ನನ್ನ ಕಡೆ ತಿರುಗಿದರು.

“ಒಂದು ಎಲ್ಕ್ ಹೊಡೆದೆ ಅಂತ ಹೇಳೋ ಅವರಿಗೆ. ಲೈಸೆನ್ಸ್ ಕೇಳಿದರೆ ಕವಡೆ ತೋರಿಸು.”