ಮಸ್ಕಿ ಜ್ಞಾಪನದ ಅಂಚು, ಅಂತರ ಮತ್ತು ಆಕರ: ಒಂದು ಅತಿ ಸಂಕ್ಷಿಪ್ತ ಮಹಾಪ್ರಬಂಧ

ರಾಯಚೂರು ಜಿಲ್ಲೆಯಲ್ಲಿ ತಾಂತ್ರಿಕ ಬರವಣಿಗೆಯೆಂಬ ಶಾಸ್ತ್ರ ಯಾವಾಗ ಹುಟ್ಟಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಪ್ರತಿ ಸೆಮಿಸ್ಟರಿನ ಕೊನೆಯ ವಾರ ಡಿಟಿಪಿ ಅಂಗಡಿಗಳಲ್ಲಿ ಹೊಸದಾಗಿ ಹುಟ್ಟಿ, ಸ್ಪೈರಲ್ ಬೈಂಡಿಂಗ್ ಆಗುತ್ತಲೇ ತೀರಿಕೊಳ್ಳುತ್ತದೆ ಎಂಬುದು ಸಿಂಧನೂರು ಪಂಥದವರ ಮತ. ಮಸ್ಕಿ ಪಂಥದವರು ಕ್ರಿ.ಪೂ. 3ನೇ ಶತಮಾನಕ್ಕಿಂತ ಒಂದು ದಿನವೂ ಈಚೆಗೆ ಬರಲೊಲ್ಲರು. ಲಿಂಗಸೂಗೂರು ಪಂಥ, ಉಪವಿಭಾಗದ ಕೇಂದ್ರಕ್ಕೆ ತಕ್ಕ ಗಾಂಭೀರ್ಯದಿಂದ, ಎರಡೂ ವಾದಗಳ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಷರಾ ಬರೆದು ಕಡತವನ್ನು ಕೆಳಗಿಳಿಸಿದೆ. ಪ್ರಸ್ತುತ ಪ್ರಬಂಧ ಮಸ್ಕಿ ಪಂಥದ್ದು. ಕಾರಣ ಶಾಸ್ತ್ರೀಯವಾದದ್ದೇನಲ್ಲ, ಬಂಡೆಗೆ ಪುಟಕ್ಕಿಷ್ಟು ಎಂಬ ಟೈಪಿಂಗ್ ದರವಿಲ್ಲ.

ಮೊದಲು ಲಕ್ಷಣ. ಎಂಜಿನಿಯರಿಂಗ್ ಹುಡುಗರಿಗೆ ಕಲಿಸುವ ಮೆಮೊಗೆ ಯಾರಿಂದ, ಯಾರಿಗೆ, ದಿನಾಂಕ, ವಿಷಯ ಎಂದು ನಾಲ್ಕು ಅಂಗಗಳು. ನಮ್ಮ ಕಚೇರಿಗಳಲ್ಲಿ ಐದನೆಯದಾಗಿ 'ಉಲ್ಲೇಖ' ಸೇರುತ್ತದೆ. ಅದಿಲ್ಲದ ಕಾಗದವನ್ನು ನೋಡಲು ಆವಕದ ಗುಮಾಸ್ತರು ಕನ್ನಡಕವನ್ನೂ ಏರಿಸುವುದಿಲ್ಲ. ಹೊಲಕ್ಕೆ ನೀರು ಬಂದಿಲ್ಲ ಎಂಬುದು ಎರಡು ಮೂರು ಮಾತಿನ ಸಂಗತಿ. ಆದರೂ 'ವಿಷಯ: ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಹರಿಸುವ ಕುರಿತು' ಎಂದು ಬರೆದು, 'ಉಲ್ಲೇಖ: ನಮ್ಮ ಹಿಂದಿನ ಮನವಿ' ಎಂದು ಸೇರಿಸಿ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡುವ ತನಕ ಆ ನೀರು ಅಧಿಕೃತವಾಗಿ ಬಾರದಿರುವುದಿಲ್ಲ. ಹಿಂದಿನ ಮನವಿಯನ್ನು ತೆಗೆದು ನೋಡಿದರೆ ಅಲ್ಲಿ ಅದಕ್ಕೂ ಹಿಂದಿನ ಮನವಿಯ ಉಲ್ಲೇಖ. ಮೊಟ್ಟಮೊದಲ ಮನವಿ ವೇದಗಳಂತೆ ಅಪೌರುಷೇಯ.

ಈ ಲಕ್ಷಣಗಳನ್ನು ಕೈಯಲ್ಲಿ ಹಿಡಿದು ಮಸ್ಕಿಯ ದುರ್ಗದ ಗುಡ್ಡಕ್ಕೆ ಬನ್ನಿ. ಊರು ನಿಜಾಮರ ಸೀಮೆಯಲ್ಲಿದ್ದ 1915ರಲ್ಲಿ, ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಇಲ್ಲಿ ಬಿದ್ದದ್ದು ಅಶೋಕನ ಕಿರು ಬಂಡೆ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎಂಟು ಸಾಲು. (ತಾಂತ್ರಿಕ ಬರವಣಿಗೆಯನ್ನು ಪತ್ತೆ ಹಚ್ಚಿದ್ದು ಎಂಜಿನಿಯರೇ ಎಂಬುದನ್ನು ಭಾಷಾ ವಿಭಾಗದವರು ಗಮನಿಸಬೇಕು.) ನಮೂನೆಯ ದೃಷ್ಟಿಯಿಂದ ಇದೊಂದು ದುರಂತ. ದಿನಾಂಕವಿಲ್ಲ, ತಾನು ಬೌದ್ಧನಾಗಿ ಎರಡೂವರೆ ವರ್ಷದ ಮೇಲಾಯಿತು ಎಂದಿದ್ದಾನೆ, ಎಂದಿನಿಂದ ಎಣಿಸಬೇಕೆಂಬುದು ಓದುಗನ ಪಾಡು. ಯಾರಿಗೆಂಬ ಸಾಲಿಲ್ಲ. ವಿಷಯದ ಸಾಲೂ ಇಲ್ಲ. ಧರ್ಮದಲ್ಲಿ ನಡೆದರೆ ಸಣ್ಣ ಮನುಷ್ಯನೂ ಮೇಲಕ್ಕೇರಬಲ್ಲ ಎಂಬುದನ್ನು ಇಡೀ ಜ್ಞಾಪನ ಓದಿಯೇ ತಿಳಿಯಬೇಕು. ಇಂಥ ಶ್ರಮವನ್ನು ಯಾವ ಕಚೇರಿಯೂ ತನ್ನ ಸಿಬ್ಬಂದಿಗೆ ಕೊಡುವುದಿಲ್ಲ.

ಹಾಗಾದರೆ ಅಶೋಕನ ಕಾರ್ಯಾಲಯಕ್ಕೆ ನಮೂನೆ ಗೊತ್ತಿರಲಿಲ್ಲವೆ ಎಂಬ ಪೂರ್ವಪಕ್ಷ ಏಳುತ್ತದೆ. ಚೆನ್ನಾಗಿಯೇ ಗೊತ್ತಿತ್ತು. ಬಿ.ಎಲ್. ರೈಸ್ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕಂಡ ಪ್ರತಿಯನ್ನು ನೋಡಿ. ಸುವರ್ಣಗಿರಿಯಿಂದ, ಆರ್ಯಪುತ್ರ ಹಾಗೂ ಮಹಾಮಾತ್ರರ ಮಾತಿನ ಮೇರೆಗೆ, ಇಸಿಲದ ಮಹಾಮಾತ್ರರಿಗೆ. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ಸಂಗತಿ. ಹೊರಡಿಸಿದ ಕಚೇರಿಯ ವಿಳಾಸ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ: ಸುವರ್ಣಗಿರಿಯೆಂದರೆ ನಮ್ಮ ಪಕ್ಕದ ಕನಕಗಿರಿ ಎನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಎನ್ನುವವರಿದ್ದಾರೆ. ಪತ್ರದಲ್ಲಿ 256 ಎಂಬ ಸಂಖ್ಯೆಯೂ ಇದೆ. ಬ್ಯೂಲರ್ ಇದನ್ನು ಬುದ್ಧ ನಿರ್ವಾಣದಿಂದ ಎಣಿಸಿದ ವರ್ಷವೆಂದರು, ಬಳಿಕದವರು ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದರು. ಯಾವುದಾದರೂ ತಾಲ್ಲೂಕು ಕಚೇರಿಯಲ್ಲಿ ಒಂದು ಮಧ್ಯಾಹ್ನ ಕೂತಿದ್ದರೆ ಈ ಮಹನೀಯರಿಗೆ ಅದು ಜಾವಕ ಸಂಖ್ಯೆ ಎಂದು ಹೊಳೆಯುತ್ತಿತ್ತು. ಕೊನೆಯಲ್ಲಿ ಲಿಪಿಕಾರ ಚಪಡನ ಸಹಿ. ಇಡೀ ಜ್ಞಾಪನ ಬ್ರಾಹ್ಮಿಯಲ್ಲಿದ್ದರೂ 'ಲಿಪಿಕಾರ' ಎಂಬ ತನ್ನ ಹುದ್ದೆಯನ್ನು ಅವನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಕನ್ನಡದ ಆದೇಶಕ್ಕೆ ಇಂಗ್ಲಿಷಿನಲ್ಲಿ ಸಹಿ ಹಾಕುವ ಸಂಪ್ರದಾಯದ ಮೂಲವನ್ನು ಇನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಈಗ ಪ್ರಬಂಧದ ಮುಖ್ಯ ಸಂಶೋಧನೆಗೆ ಬರೋಣ. ಮಸ್ಕಿಯ ಕೊನೆಯ ಸಾಲು, ಹೀಗೆ ನಡೆದುಕೊಂಡರೆ ಇದು ಒಂದೂವರೆಯಷ್ಟು ಬೆಳೆಯುತ್ತದೆ ಎನ್ನುತ್ತದೆ. ಧರ್ಮ ಬೆಳೆಯುತ್ತದೆ ಎಂದೇ ಈವರೆಗಿನ ಪಂಡಿತರು ಅರ್ಥ ಮಾಡಿದ್ದಾರೆ. ಆದರೆ ಇವತ್ತಿನ ಯಾವುದೇ ಪ್ರಾಜೆಕ್ಟ್ ವರದಿಯ ಸೂಚನೆ ತೆಗೆಯಿರಿ: ಟೈಮ್ಸ್ ನ್ಯೂ ರೋಮನ್, ಅಕ್ಷರದ ಅಳತೆ 12, ಸಾಲಿನ ಅಂತರ ಒಂದೂವರೆ. ಸಾಮ್ರಾಟ ಸಾಲಿನ ಅಂತರವನ್ನು ನಿಗದಿಪಡಿಸಿದ್ದಾನೆ! ಹದಿನೈದು ಪುಟದ ಸರಕು ಇಪ್ಪತ್ತೆರಡು ಪುಟವಾಗಿ ಬೆಳೆಯುವುದನ್ನು ಕಣ್ಣಾರೆ ಕಂಡ ಯಾವ ವಿದ್ಯಾರ್ಥಿಯೂ ಈ ಪಾಠಾಂತರವನ್ನು ಅಲ್ಲಗಳೆಯಲಾರ.

ಇನ್ನು ಆಕರ ವಿಚಾರ. ಈ ವಿಷಯದಲ್ಲಿ ಸಿಂಧನೂರು ಪಂಥದ ಕೊಡುಗೆ ದೊಡ್ಡದು. ಅಂಗಡಿಯಲ್ಲಿ ಆಲಿಸಬಹುದಾದ ಶಾಸ್ತ್ರಾರ್ಥ ಹೀಗಿರುತ್ತದೆ:

"ಅಣ್ಣಾ, ಕೊನೀಗೆ ರೆಫರೆನ್ಸ್ ಹಾಕ್ಬೇಕಂತ್ರಿ."

"ಎಷ್ಟು ಹಾಕ್ಲಿ ತಮ್ಮಾ?"

"ಹತ್ತು ಅಂದಾರ ಸರ್ರು."

"ಹೋದ ವರ್ಷದವ್ರವು ಹದಿನಾಲ್ಕು ಅದಾವು. ನಾಲ್ಕು ತೆಗೀತೀನಿ."

"ಯಾವು ತೆಗೀತೀರಿ?"

"ಉದ್ದುದ್ದ ಇದ್ದವು. ಒಂದು ಸಾಲಿನಾಗ ಕೂಡವಲ್ಲವು."

ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದ ಪ್ರಮಾಣಗಳ ಸಾಲಿಗೆ ಇದನ್ನು 'ಏಕಪಂಕ್ತಿ ಪ್ರಮಾಣ' ಎಂದು ಸೇರಿಸಬಹುದು. ಆಕರ ಕೃತಿಯನ್ನು ಓದಿರಬೇಕೆ ಎಂಬ ಪ್ರಶ್ನೆ ಈ ದರ್ಶನದಲ್ಲಿ ಉದ್ಭವಿಸುವುದೇ ಇಲ್ಲ. ವರದಿಯೊಳಗಿನ ಸರಕಿನ ಬಗ್ಗೆ ಹೇಳುವುದಾದರೆ, ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ಟನ್ನುಗಟ್ಟಲೆ ಅದಿರು ಅರೆದಾಗ ಕೈಗೆ ಹತ್ತುವುದು ಟನ್ನಿಗೆ ಕೆಲವೇ ಗ್ರಾಂ ಚಿನ್ನ. ಪ್ರಾಜೆಕ್ಟ್ ವರದಿಯೂ ಹೆಚ್ಚುಕಡಿಮೆ ಅದೇ ದರ್ಜೆಯದು. ಹಟ್ಟಿಯವರು ಉಳಿದ ಪುಡಿಗೆ ಬೈಂಡಿಂಗ್ ಮಾಡಿಸುವುದಿಲ್ಲ, ಅಷ್ಟೆ. ಆಕರವನ್ನೇ ಆಧಾರವಾಗಿಸಿಕೊಂಡ ಗಟ್ಟಿ ನಿದರ್ಶನ ಬೇಕಾದವರು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಬೇಕು. ಅಲ್ಲಿ ಅಶೋಕನ ಶಾಸನವಿದ್ದ ಚಪ್ಪಡಿಗೆ ತೂತು ಕೊರೆದು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿದ್ದರು. ಕೃತಜ್ಞತೆಯ ಪುಟವೊಂದು ಬಿಟ್ಟುಹೋಗಿದೆ.

ಕಡೆಯದು ಮೌಲ್ಯಮಾಪನ. ಪರೀಕ್ಷಾರ್ಥಿ ಉತ್ತರ ಪತ್ರಿಕೆಯ ಒಳಗೆ ಎಲ್ಲಿಯೂ ತನ್ನ ಹೆಸರು ಬರೆಯುವಂತಿಲ್ಲ, ಬರೆದರೆ ಮಾಲ್‌ಪ್ರ್ಯಾಕ್ಟೀಸ್. ಬಹುತೇಕ ಬಂಡೆ, ಕಂಬಗಳು ಈ ನಿಯಮವನ್ನು ಪಾಲಿಸಿದವು; 'ದೇವಾನಾಂಪಿಯ', 'ಪಿಯದಸಿ' ಎಂಬ ಬಿರುದುಗಳಲ್ಲೇ ಕೆಲಸ ಮುಗಿಸಿದವು. ಹಾಗಾಗಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದರೂ ಬರೆಸಿದವನು ಯಾರೆಂದು ತಿಳಿಯದೆ, ಸಿಂಹಳದ ಅರಸನಿರಬೇಕೆಂದು ಊಹಿಸಿದರು. ಸಿಂಹಳದಲ್ಲೇ ಇದ್ದ ಜಾರ್ಜ್ ಟರ್ನೋರ್ ಪಾಲಿಯ ದೀಪವಂಶವನ್ನು ತೆರೆದು, ಈ ಪಿಯದಸಿ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ತಿದ್ದಿದರು. ಅಲ್ಲಿಂದ 78 ವರ್ಷ ಆ ಗುರುತು ಮುಖ್ಯವಾಗಿ ನಿಂತದ್ದು ಒಂದು ಪುಸ್ತಕದ ಉಲ್ಲೇಖದ ಮೇಲೆ. ಆಮೇಲೆ ಮಸ್ಕಿ ಸಿಕ್ಕಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದೇ ವರ್ಷ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ಇತ್ತು: 'ದೇವಾನಾಂಪಿಯಸ ಅಸೋಕಸ'.

ಹೆಸರು! ಅದೂ ಶುರುವಿನಲ್ಲೇ, ಮುಚ್ಚುಮರೆಯಿಲ್ಲದೆ. ಮುಂದೆ ಸಿಂಧನೂರಿನಿಂದ ಹೊಳೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿತ್ತೂರು, ಉಡೇಗೋಳಗಳಲ್ಲೂ ಇದೇ ಅಪರಾಧ ಪತ್ತೆಯಾಯಿತು. ಅಕ್ಕಪಕ್ಕದ ಬೆಂಚಿನವರು, ನೋಡಿ ಬರೆದಿರಬಹುದು. ಮಧ್ಯಪ್ರದೇಶದ ಗುಜರ್ರಾದಲ್ಲೂ ಕಂಡದ್ದರಿಂದ ಪ್ರಶ್ನೆಪತ್ರಿಕೆ ಸೋರಿಕೆಯ ಶಂಕೆಯಿದೆ. ನಿಯಮಾನುಸಾರ ಮಸ್ಕಿಯ ಫಲಿತಾಂಶವನ್ನು ತಡೆಹಿಡಿದು, ಇಂದ, ಗೆ, ಸಂಖ್ಯೆ, ಸಹಿ ಎಲ್ಲವೂ ಸರಿಯಿದ್ದ ಬ್ರಹ್ಮಗಿರಿಗೆ ಡಿಸ್ಟಿಂಕ್ಷನ್ ಕೊಡಲಾಯಿತು. ಆದರೆ ಅಂಕಪಟ್ಟಿಯಲ್ಲಿ ಯಾರ ಹೆಸರು ಬರೆಯಬೇಕೆಂದು ಶಾಖೆಯಲ್ಲಿ ಯಾರಿಗೂ ತಿಳಿಯದೆ, ಮಸ್ಕಿಯ ಪತ್ರಿಕೆಯನ್ನೇ ತರಿಸಿಕೊಳ್ಳಬೇಕಾಯಿತು.