ಕಪ್ಪುಕುಳಿಯ ಲೆಕ್ಕಕ್ಕೆ ಕುಣಿಮಗ್ಗದ ಉತ್ತರ

ಇಳಕಲ್ಲಿನ ಓಣಿಯೊಂದರ ನೇಕಾರರ ಮನೆ. ಮಗಳು ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಾಳೆ, ಈ ಸೆಮಿಸ್ಟರಿನ ಪತ್ರಿಕೆ ‘ಖಭೌತ ವಿಜ್ಞಾನಕ್ಕೆ ಸಂಖ್ಯಾತ್ಮಕ ವಿಧಾನಗಳು’. ರಜೆಗೆ ಬಂದವಳನ್ನು ಮಾತಾಡಿಸಲು ಹೋದೆವು. ‘ಕೋಡ್ ಓಡಾಕತ್ತೈತ್ರಿ, ಆಮ್ಯಾಲ ಬರ್ರಿ’ ಎಂದಳು. ಪಕ್ಕದ ಕುಣಿಮಗ್ಗ ಬಿಡುವಾಗಿತ್ತು, ಅದನ್ನೇ ಮಾತಾಡಿಸಿದೆವು.

ನಮಸ್ಕಾರ. ನಿಮಗೂ ಖಭೌತ ವಿಜ್ಞಾನಕ್ಕೂ ಏನು ಸಂಬಂಧ?

ಬರ್ರಿ ಸಾಹೇಬ್ರ, ಕಾಲು ಕುಣಿಯಾಗ ಇಳಿಬಿಟ್ಟು ಆರಾಮ ಕುಂಡ್ರಿ. ಕಪ್ಪುಕುಳಿಯಾಗ ಬಿದ್ದದ್ದು ಹೊರಗ ಬರೂದಿಲ್ಲ ಅಂತ ಆಕಿ ಹೇಳ್ತಾಳ. ನನ್ನ ಕುಣಿಯಾಗ ಕಾಲಿಟ್ಟ ಅಜ್ಜ ಬರಲಿಲ್ಲ, ಅಪ್ಪನೂ ಬರಲಿಲ್ಲ. ಹೊರಗ ಬಂದಾಕಿ ಈಕಿ ಒಬ್ಬಾಕಿನ.

ರಾತ್ರಿಯೆಲ್ಲ ಏನು ಮಾಡುತ್ತಾಳೆ?

ಭೂಮೀನ ಸೂರ್ಯನ ಸುತ್ತ ತಿರುಗಸ್ತಾಳ. ಮೊನ್ನಿ ಆಯ್ಲರ್ ವಿಧಾನ ಹಾಕಿದ್ಲು. ಈಗ ಯಾವ ಕಡೆ ಹೊಂಟೈತಿ ನೋಡೂದು, ಅದ ದಿಕ್ಕಿಗೆ ನೆಟ್ಟನ ಒಂದು ಹೆಜ್ಜಿ ಇಡೂದು. ಆದ್ರ ದಾರಿ ಬಾಗೈತಿ. ಹೆಜ್ಜಿಗೊಂದು ಕೂದಲೆಳಿಯಷ್ಟು ಭೂಮಿ ಹೊರಗ ಸರೀತು, ಸುತ್ತು ಮುಗಿದ್ರೂ ಹೊಂಟ ಜಾಗಕ್ಕ ಬರಲಿಲ್ಲ. ಚಾ ತಂದ ಅವ್ವ ‘ಇದೆಲ್ಲಿಗೆ ಹೊಂಟೈತವಾ?’ ಅಂದ್ಲು. ‘ಬೆಂಗಳೂರಿಗಿರಬೇಕು’ ಅಂತು ಹುಡುಗಿ. ಈ ಓಣಿ ಬಿಟ್ಟವ್ರೆಲ್ಲಾ ಅಲ್ಲಿಗೇ ಹೋಗೂದು.

ಕೊನೆಗೆ ಭೂಮಿ ಮನೆಗೆ ಬಂತೇ?

ಬಂತ್ರಿ. ಕಪ್ಪೆ ಜಿಗಿತ ಅಂತ ಇನ್ನೊಂದು ವಿಧಾನ ಐತಿ. ಸ್ಥಾನದ ಲೆಕ್ಕ ಒಮ್ಮೆ, ವೇಗದ ಲೆಕ್ಕ ಅರ್ಧ ಹೆಜ್ಜಿ ಬಿಟ್ಟು ಒಮ್ಮೆ. ಒಂದು ಕಾಲು ತುಳಿದ್ರ ಇನ್ನೊಂದು ಏಳೂದು, ನನಗೇನು ಹೊಸಾದಲ್ಲ. ಶಕ್ತಿಯ ಲೆಕ್ಕ ಅಷ್ಟಿಷ್ಟು ತೂಗಾಡತೈತಿ, ಆದ್ರ ಕೈಬಿಟ್ಟು ಹೋಗೂದಿಲ್ಲ.

ಅವಳು ‘ಗ್ರಿಡ್’ ಅನ್ನುತ್ತಿರುತ್ತಾಳಲ್ಲ, ಅದೇನು?

ಹಾಸುಹೊಕ್ಕರಿ, ಮತ್ತೇನು! ಹಾಸು ಅಂದ್ರ ಜಾಗ, ಹೊಕ್ಕು ಅಂದ್ರ ಕಾಲ. ಲಾಳಿ ಒಮ್ಮೆ ಆಡಿದ್ರ ಕಾಲ ಒಂದು ಹೆಜ್ಜಿ ಮುಂದ. 1928ರಾಗ ಕೂರಂಟ್, ಫ್ರೀಡ್ರಿಕ್ಸ್, ಲೆವಿ ಅಂತ ಮೂವರು ಅದಕ್ಕೊಂದು ಕಟ್ಟಳೆ ಹಾಕ್ಯಾರ: ಒಂದು ಹೆಜ್ಜಿಯೊಳಗ ಸುದ್ದಿ ಒಂದು ಮನಿಗಿಂತ ಆಚೆ ದಾಟಬಾರದು. ದಾಟಿದ್ರ ಲೆಕ್ಕ ಹರದು ಚಿಂದಿ. ಇಳಕಲ್ಲಿಗೆ ಈ ಕಟ್ಟಳೆ ಹೊಂದೂದಿಲ್ಲ ಬಿಡ್ರಿ. ಹುಡುಗಿ ಬಸ್ಸು ಇಳಿಯೂದ್ರೊಳಗ ‘ಮದಿವಿ ಯಾವಾಗ’ ಅನ್ನೂದು ಹತ್ತು ಮನಿ ದಾಟಿರತೈತಿ.

ಒತ್ತಾಗಿ ನೇಯ್ದರೆ ಒಳ್ಳೆಯದಲ್ಲವೇ?

ಒಳ್ಳೇದ, ಕೂಲಿ ಯಾರು ಕೊಡ್ತಾರ? ಉದ್ದಕ್ಕ ಎರಡು ಪಟ್ಟು, ಅಗಲಕ್ಕ ಎರಡು, ಎತ್ತರಕ್ಕ ಎರಡು, ಎಂಟಾತು. ಕಾಲದ ಹೆಜ್ಜಿನೂ ಅರ್ಧ ಆಗಬೇಕು, ಹದಿನಾರಾತು. ಎರಡು ಪಟ್ಟು ನಯಕ್ಕ ಹದಿನಾರು ಪಟ್ಟು ದುಡಿಮಿ. ಗಿರಾಕಿಗೆ ಇದನ್ನ ಹೇಳಿ ನೋಡ್ರಿ!

ಎಲ್ಲಕ್ಕಿಂತ ಕಷ್ಟದ ಜಾಗ ಯಾವುದು?

ಕೊಂಡಿ. ನಮ್ಮ ಸೀರೀಗೆ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಹತ್ತಿ ಒಡಲಿಗೆ ರೇಷ್ಮಿ ಸೆರಗನ್ನ ಕುಣಿಕಿಗೆ ಕುಣಿಕಿ ಸಿಗಿಸಿ ಕೂಡಸ್ತಾರ. ಕಸಬು ಗೊತ್ತಾಗೂದು ಅಲ್ಲೇ. ನಕ್ಷತ್ರ ಸಿಡಿದಾಗ ಏಳೋ ಆಘಾತ ತರಂಗದಾಗೂ ಸಾಂದ್ರತೆ ಒಮ್ಮಿಗೇ ಜಿಗೀತೈತಿ. ನಯವಾದ ಬಟ್ಟಿಯ ಸೂತ್ರ ಅಲ್ಲಿ ಹಾಕಿದ್ರ ಸುಳ್ಳು ಅಲೆ ಏಳತಾವ. 1959ರಾಗ ಗೊಡುನೊವ್ ಅನ್ನೋ ರಷ್ಯದವರು ಅಂಚಂಚಿಗೂ ಬ್ಯಾರೆ ಲೆಕ್ಕ ಇಟ್ರು: ಈ ಮನಿಯಿಂದ ಹೋದಷ್ಟು ಆ ಮನಿಗೆ ಬರಲೇಬೇಕು.

ನಮ್ಮವರು ಯಾರಾದರೂ ಈ ಕೆಲಸ ಮಾಡಿದ್ದಾರೆಯೇ?

ಬೆಂಗಳೂರಾಗ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರ ಹೆಸರು ಕೇಳಿಲ್ಲೇನು? ಕಣ್ಣಿಗೆ ಕಾಣದ ಕಪ್ಪುಕುಳಿ ಗುರುತು ಹಿಡಿಯೂದು ಹ್ಯಾಂಗ? ಕತ್ತಲ ಬಾವಿಗೆ ಕಲ್ಲು ಒಗದಂಗ, ಲೆಕ್ಕದೊಳಗ ಅದರ ಮ್ಯಾಲ ಗುರುತ್ವದ ಅಲೆ ಬಿಟ್ಟು ನೋಡಿದ್ರು. ಅಗಲ ಅಲೆ ಸುಮ್ನ ಹಾದುಹೋತು. ಅಲೆಯ ಅಗಲ ಕಪ್ಪುಕುಳಿಯ ಗಾತ್ರಕ್ಕ ಇಳಿದಾಗ, ಗಂಟಿ ಬಾರಿಸಿ ಬಿಟ್ಟಂಗ ಕರಗಿ ಹೋಗೋ ಮಿಡಿತ ಸಿಕ್ಕಿತು. 1970ರಾಗ ‘ನೇಚರ್’ನಾಗ ಅಚ್ಚಾತು. 2015ರ ಸೆಪ್ಟೆಂಬರ್ 14ಕ್ಕ ಲೈಗೋ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆಯ ಬಾಲದಾಗ ಇದ್ದದ್ದು ಅಂಥಾದ ಮಿಡಿತ. ಅವರೂ ಬದುಕಿದ್ದು ಕೇಳಿದ್ರು, ತೀರಿಕೊಂಡದ್ದು 2017ರಾಗ.

ಈಗಿನ ವಿದ್ಯಾರ್ಥಿಗಳ ಬಗ್ಗೆ ದೂರುಗಳಿವೆಯೇ?

ಒಂದೈತ್ರಿ. ಕೋಡ್ ಯಾರು ಬರದ್ರು ಅಂದ್ರ ‘ಸೀನಿಯರ್ ಕೊಟ್ರು’ ಅಂತಾರ. ಸೀನಿಯರಿಗೆ? ಅವರ ಸೀನಿಯರ್. ಗುಂಡಿ ಒತ್ತಿದ್ರ ರಂಗುರಂಗಿನ ಚಿತ್ರ, ಅದರ ಮ್ಯಾಲ ‘ಫಲಿತಾಂಶ’ ಅಂತ ಹೆಸರು. ಪವರ್‌ಲೂಮ್ ಸೀರಿಗೆ ಕೈಮಗ್ಗದ ಚೀಟಿ ಹಚ್ಚೂದಕ್ಕೂ ಇದಕ್ಕೂ ಏನು ಫರಕು? ನಮ್ಮೂರ ಮಹಾಂತ ಸ್ವಾಮಿಗಳು ಜೋಳಿಗಿ ಹಿಡಿದು ಜನರ ಚಟ ಬೇಡಿ ಒಯ್ತಿದ್ರು. ಈ ಚಟಾನೂ ಅದಕ್ಕ ಹಾಕಬೇಕಿತ್ತು.

ಅಷ್ಟು ಕಟುವಾಗಿ ಹೇಳಬೇಕೇ?

ಐಹೊಳಿ ಮೇಗುತಿ ಗುಡಿಗೆ ಹೋಗಿ ನೋಡ್ರಿ. ಅಲ್ಲಿಯ ಶಾಸನದಾಗ ಕವಿ ರವಿಕೀರ್ತಿ ರಾಜ ಪುಲಿಕೇಶಿಯನ್ನ ಹೊಗಳಿದ್ದಕ್ಕ ಲೆಕ್ಕಿಲ್ಲ, ತನ್ನನ್ನ ಕಾಳಿದಾಸ ಭಾರವಿ ಸಾಲಿನಾಗ ಕುಂಡರಿಸ್ಯಾನ. ಆದ್ರ ಕಾಲ ಹೇಳುವಾಗ ಎರಡು ಎಣಿಕಿ ಕೊಟ್ಟಾನ: ಭಾರತ ಯುದ್ಧ ಆಗಿ 3735 ವರ್ಷ, ಶಕ 556. ಅಂದ್ರ ಕ್ರಿ.ಶ. 634. ಹೊಗಳುಭಟ್ಟನ ಎಲ್ಲಿಂದ ಎಣಿಸಿದೆ ಅಂತ ಕಲ್ಲಿನಾಗ ಬರೆಸಿದ ಮ್ಯಾಲ, ವಿಜ್ಞಾನಿ ಮರೀಬಹುದೇನ್ರಿ?

ಓದುಗರಿಗೆ ಒಂದು ಮಾತು?

ಸೀರಿ ಕೊಳ್ಳುವಾಗ ಮಗ್ಗಲು ತಿರುವಿ ಕೊಂಡಿ ನೋಡ್ರಿ. ಬ್ರಹ್ಮಾಂಡದ ಚಿತ್ರ ತೋರಿಸಿದ್ರ, ‘ಹೆಜ್ಜಿ ಅರ್ಧ ಮಾಡಿ ಇನ್ನೊಮ್ಮೆ ಲೆಕ್ಕ ಹಾಕೀರೇನು, ತಪ್ಪು ಎಷ್ಟು ಇಳೀತು?’ ಅಂತ ಕೇಳ್ರಿ. ಉತ್ತರ ಬಂದ ಮ್ಯಾಲ ಚಪ್ಪಾಳಿ ಹೊಡೀರಿ.